ಸೈಕಲ್ ಯಾತ್ರೆ ನಡುವಿನ ಸುಲಭದ ದಿನ ಇಟ್ಕೊಳ್ಳೋಣ್ವಾ, ತೆಗೆಯೋಣ್ವಾ? ತೀರ್ಥಹಳ್ಳಿ ಕಡೆಯವರು, ಸೈಕಲ್ ಹೊಡೆಯೋರು ದಯವಿಟ್ಟು ಹೇಳಿ

ತುಂಗಾದಂಡೆ:
ಎಲ್ಲರಿಗೂ ನಮಸ್ಕಾರ. ಡಯಾಲಿಸಿಸ್ ಮಾಡಿಸ್ಕೊಳ್ಳೋರ ಓಡಾಟದ ಖರ್ಚಿಗೆ ದುಡ್ಡು ಕೂಡಿಸೋಕೆ ನಮ್ಮ ಗುಂಪು ಡಿಸೆಂಬರ್‌ನಲ್ಲಿ ಸೈಕಲ್ ಯಾತ್ರೆ ಹೊರಡ್ತಿರೋದು ಇಲ್ಲಿ ಸುಮಾರು ಜನಕ್ಕೆ ಗೊತ್ತು. ದಾರಿ ಹೀಗಿದೆ. ಶಿವಮೊಗ್ಗದಿಂದ ಸಾಗರ, ಮಾರನೇ ದಿನ ಸಾಗರದಿಂದ ಜೋಗಕ್ಕೆ ಹೋಗಿ ವಾಪಸ್, ಆಮೇಲೆ ಆನಂದಪುರ ರಿಪ್ಪನ್‌ಪೇಟೆ ಕೋಣಂದೂರು ಮೇಲೆ ತೀರ್ಥಹಳ್ಳಿ. ಅಲ್ಲಿ ಒಂದು ಸುಲಭದ ದಿನ, ಕುಪ್ಪಳಿಗೆ ಹೋಗಿ ಬರೋದು ಅಷ್ಟೇ, ಎರಡೂ ಕಡೆ ಸೇರಿದ್ರೂ 40 ಕಿ.ಮೀ. ಆಗಲ್ಲ. ಅದರ ಮಾರನೇ ದಿನ ಆಗುಂಬೆ, ಶೃಂಗೇರಿ, ಕೊಪ್ಪ ಸುತ್ತಿ ಮತ್ತೆ ತೀರ್ಥಹಳ್ಳಿ, ಅದು 100 ದಾಟುತ್ತೆ. ಕೊನೇ ದಿನ ಮಂಡಗದ್ದೆ, ಸಕ್ರೆಬೈಲು ದಾರೀಲಿ ಶಿವಮೊಗ್ಗ.

ಈಗ ಗುಂಪಲ್ಲಿ ಅರ್ಧ ಜನ ಆ ಸುಲಭದ ದಿನ ಬೇಡ ಅಂತಿದಾರೆ. ಕಾರಣ ಎರಡು. ಒಂದು, ಸುಮಾರು ದಾನಿಗಳು ಕಿಲೋಮೀಟರ್‌ಗೆ ಇಷ್ಟು ಅಂತ ಒಪ್ಪಿರೋದು, ಕಮ್ಮಿ ತುಳಿದ್ರೆ ಕಮ್ಮಿ ದುಡ್ಡು. ಎರಡು, ದಾನದ ಹೆಸರಲ್ಲಿ ಹೋಗಿ ಕವಿಮನೆ ನೋಡ್ಕೊಂಡು ಹೊಳೆಯಲ್ಲಿ ಕಾಲು ಬಿಟ್ಕೊಂಡು ಕೂತ್ರೆ ಜನ ಏನಂದ್ಕೋತಾರೆ ಅಂತ. ನನಗೆ ಆ ದಿನ ಇರಲೇಬೇಕು ಅನ್ಸುತ್ತೆ, ಆದ್ರೆ ಒಬ್ಬಳೇ ಹಟ ಹಿಡಿಯೋದು ಸರಿಯಲ್ಲ ಅಂತ ಇಲ್ಲಿ ಕೇಳ್ತಿದೀನಿ.

ಗೇರ್‌ಗಿರಾಕಿ:
ತೆಗೀರಿ ಅಕ್ಕಾ. ಚಾರಿಟಿ ರೈಡ್ ಅಂದ್ರೆ ಕಷ್ಟಪಡ್ಬೇಕು, ಕಷ್ಟಪಟ್ಟಿದ್ದು ಕಂಡ್ರೇ ಜನ ದುಡ್ಡು ಕೊಡೋದು. 35 ಕಿ.ಮೀ. ನಾನು ಭಾನುವಾರ ತಿಂಡಿಗೆ ಮುಂಚೆ ಗಾಜನೂರು ಡ್ಯಾಮ್ ಕಡೆ ಹೋಗಿ ಬರೋ ದೂರ. ಆ ದಿನ ಸೀದಾ ಆಗುಂಬೆಗೆ ಹೋಗಿ, ಘಾಟಿ ಇಳಿದು ಸೋಮೇಶ್ವರ ಮುಟ್ಟಿ, ವಾಪಸ್ ಹತ್ತೋಣ. 14 ಹೇರ್‌ಪಿನ್ ತಿರುವು, ವಿಡಿಯೋ ಹಾಕಿದ್ರೆ ದಾನಿಗಳು ಡಬಲ್ ಮಾಡ್ತಾರೆ.

ಹೊಸನಗರದ_ಹೆಣ್ಮಗಳು:
ಎಂತ ಮಾರಾಯ್ರೆ, ಸುಲಭದ ದಿನಕ್ಕೆ ಆಗುಂಬೆ ಘಾಟಿನಾ?? ಆಗುಂಬೆ ಸಮುದ್ರಮಟ್ಟದಿಂದ 640 ಮೀಟರ್ ಹತ್ರ ಇದೆ, ಸೋಮೇಶ್ವರ ಪೂರ್ತಿ ಕೆಳಗೆ. ಹೆಚ್ಚುಕಮ್ಮಿ 500 ಮೀಟರ್ ಒಂದೇ ಉಸಿರಲ್ಲಿ ಹತ್ತಬೇಕು, ಅದೂ ಬಸ್ಸು ಟೆಂಪೋ ತಿರುವಲ್ಲಿ ಮೈಮೇಲೆ ಬರೋ ಹಾಗೆ ಬರೋ ರಸ್ತೇಲಿ. ಗುಂಪಲ್ಲಿ ಎಲ್ರೂ ನಿಮ್ಮಂಗೆ ಇಲ್ಲ.

ಗೇರ್‌ಗಿರಾಕಿ:
ಆಗದೇ ಇರೋರು ಗಾಡಿ ಹತ್ಲಿ, ಸಪೋರ್ಟ್ ವೆಹಿಕಲ್ ಇರೋದು ಅದಕ್ಕೇ ಅಲ್ವಾ.

ಫಿಸಿಯೋ_ಶಿಮೊಗ್ಗ:
ನಾನು ಫಿಸಿಯೋಥೆರಪಿ ಮಾಡೋಳು, ಹಿಂಗೆ ಸಾಲಾಗಿ ದಿನಾ ಸೈಕಲ್ ಹೊಡೆದು ಮೊಣಕಾಲು ಹಿಡ್ಕೊಂಡು ಬರೋರನ್ನ ನೋಡಿದೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ದಿನಾ ದಿನಾ ಅಭ್ಯಾಸ ಇಲ್ಲದವರಿಗೆ ಸ್ನಾಯು ನೋವು ಜೋರಾಗೋದು ತುಳಿದ ದಿನ ಅಲ್ಲ, 24 ಗಂಟೆ ಆದ್ಮೇಲಿಂದ 72 ಗಂಟೆ ಒಳಗೆ. ನಿಮ್ಮ ಪ್ಲಾನ್ ನೋಡಿ, ಸಾಗರ, ಜೋಗ, ತೀರ್ಥಹಳ್ಳಿ ಮುಗಿಯೋ ಹೊತ್ತಿಗೆ ಸರಿಯಾಗಿ ಅದೇ ಟೈಮು. ತೊಡೆಯಲ್ಲಿ ಕೂಡಿಟ್ಟಿರೋ ಗ್ಲೈಕೋಜನ್, ಅಂದ್ರೆ ತುಳಿಯೋಕೆ ಶಕ್ತಿ ಕೊಡೋ ಸಕ್ಕರೆ ಅಂಶ ಕೂಡ ಬರಿದಾಗಿರುತ್ತೆ, ಅದು ಮತ್ತೆ ತುಂಬೋಕೆ ಅನ್ನ ರೊಟ್ಟಿ ಸರಿಯಾಗಿ ತಿಂದ್ರೂ ಒಂದು ದಿನ ಬೇಕು. ಸುಲಭದ ದಿನ ಇಲ್ಲದೇ ಮಾರನೇ ದಿನ 100 ಕಿ.ಮೀ. ಇಟ್ರೆ ಮಧ್ಯಾಹ್ನ ಶೃಂಗೇರಿ ದಾಟೋದ್ರೊಳಗೆ ಸುಮಾರು ಜನ ಕೈ ಚೆಲ್ತಾರೆ. ಕೈ ಚೆಲ್ಲಿದವರು ತಪ್ಪು ಗೇರಲ್ಲಿ ತಪ್ಪು ಭಂಗೀಲಿ ತುಳೀತಾರೆ, ಮೊಣಕಾಲು ಹೋಗೋದು ಅಲ್ಲೇ.

ಅದಕ್ಕೆ ನನ್ನ ಓಟು ಸುಲಭದ ದಿನಕ್ಕೆ. ಆದ್ರೆ ಸುಲಭ ಅಂದ್ರೆ ನಿಜವಾಗ್ಲೂ ಸುಲಭ ಇರ್ಬೇಕು, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡ್ಕೊಂಡು ಹೋಗೋಕೆ ಆಗ್ಬೇಕು. ಏದುಸಿರು ಬಂತು ಅಂದ್ರೆ ಅದು ಸುಲಭದ ದಿನ ಅಲ್ಲ.

ಬ್ರೆವೆ_ಬಸಣ್ಣ:
ಮೇಡಂ ಹೇಳಿದ್ದು ಸರಿ, ಆದ್ರೆ ಪೂರ್ತಿ ಮಲಗಿಬಿಟ್ರೆ ಇನ್ನೂ ಒಳ್ಳೇದಲ್ವಾ? ಲ್ಯಾಕ್ಟಿಕ್ ಆಸಿಡ್ ಎಲ್ಲ ಇಳೀಬೇಕು ಅಂದ್ರೆ ಒಂದು ದಿನ ಸೈಕಲ್ ಮುಟ್ಟಬಾರ್ದು ಅಂತ ನಮ್ಮ ಹಳೇ ಗುಂಪಲ್ಲಿ ಹೇಳ್ತಿದ್ರು.

ಫಿಸಿಯೋ_ಶಿಮೊಗ್ಗ:
ಲ್ಯಾಕ್ಟಿಕ್ ಆಸಿಡ್ ಮಾತು ಹಳೇದು ಅಣ್ಣಾ. ತುಳಿಯೋದು ನಿಲ್ಲಿಸಿ ಒಂದೆರಡು ಗಂಟೆಯಲ್ಲಿ ಅದು ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಬಂದುಬಿಡುತ್ತೆ. ಮಾರನೇ ದಿನದ ನೋವು ಸ್ನಾಯುವಿನ ಎಳೆಗಳಿಗೆ ಆಗಿರೋ ಸಣ್ಣ ಸಣ್ಣ ಪೆಟ್ಟಿಂದ. ಪೂರ್ತಿ ಮಲಗಿದ್ರೆ ಕಾಲು ಬಿಗಿಯುತ್ತೆ ಅಂತ ಸುಮಾರು ಜನ ಹೇಳ್ತಾರೆ, ಸುಮ್ನೆ ಹಗುರವಾಗಿ ತುಳಿದ್ರೆ ಬಿಗಿತ ಬಿಟ್ಟ ಹಾಗೆ ಅನ್ಸುತ್ತೆ. ಕುಪ್ಪಳಿ ದೂರ ಅದಕ್ಕೆ ಸರಿಯಾಗಿದೆ.

ಸಾಗರದ್_ಹುಡುಗ:
ಜೋಗಕ್ಕೆ ಡಿಸೆಂಬರಲ್ಲಿ ಹೋಗಿ ಏನು ನೋಡ್ತೀರಾ, ನೀರೆಲ್ಲ ಲಿಂಗನಮಕ್ಕಿಯಲ್ಲಿ ನಿಂತಿರುತ್ತೆ. ಸುಲಭದ ದಿನ ಅಲ್ಲೇ ಮಾಡಿ, ಸಾಗರದಿಂದ ಇಕ್ಕೇರಿ ಕೆಳದಿ ನೋಡ್ಕೊಂಡು ಬನ್ನಿ, ಎರಡೂ ಸಾಗರಕ್ಕೆ ಹತ್ರ, ರಸ್ತೆ ಸಲೀಸು.

ಹೊಸನಗರದ_ಹೆಣ್ಮಗಳು:
ಎರಡನೇ ದಿನಕ್ಕೇ ಯಾರಿಗೂ ಸುಸ್ತಾಗಿರಲ್ಲ, ಆಗ ಸುಲಭ ಇಟ್ಟು ಏನು ಮಾಡೋದು. ನೀರು ಕಮ್ಮಿ ಇದ್ರೂ ಆ 253 ಮೀಟರ್ ಬಂಡೆ ನೋಡೋಕೇ ಚೆಂದ.

ಮೇಗರವಳ್ಳಿ_ಮಗಳು:
ಇಲ್ಲಿ ಬರೆಯೋದಾ ಬೇಡ್ವಾ ಅಂತ ಯೋಚನೆ ಮಾಡ್ತಾ ಇದ್ದೆ. ನಮ್ಮಪ್ಪ ಡಯಾಲಿಸಿಸ್‌ಗೆ ಹೋಗ್ತಿದ್ರು. ನಮ್ಮನೆ ಮೇಗರವಳ್ಳಿಯಿಂದ ಒಳಗೆ, ಬಸ್ಸು ಬರೋ ರಸ್ತೆಗೆ ನಡೀಬೇಕು. ಸರ್ಕಾರಿ ಆಸ್ಪತ್ರೇಲಿ ಡಯಾಲಿಸಿಸ್‌ಗೆ ದುಡ್ಡು ತಗೊಳ್ಳಲ್ಲ, ಆ ವಿಷ್ಯದಲ್ಲಿ ನಮಗೆ ಏನೂ ಬೇಜಾರಿಲ್ಲ. ಆದ್ರೆ ವಾರಕ್ಕೆ ಎರಡು ಸಲ, ಕೆಲವರಿಗೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ ಮಿಷನ್ ಮುಂದೆ. ಹೋಗುವಾಗ ಹೇಗೋ ಬಸ್ಸಲ್ಲಿ ಹೋಗ್ತಿದ್ರು, ವಾಪಸ್ ಬರುವಾಗ ನಿಲ್ಲೋಕೂ ಆಗ್ತಿರ್ಲಿಲ್ಲ, ಬಿಪಿ ಇಳಿದುಬಿಡೋದು, ಆಟೋನೇ ಮಾಡ್ಬೇಕು. ಜೊತೆಗೆ ಒಬ್ರು ಹೋಗ್ಲೇಬೇಕು, ಅವರ ಆ ದಿನದ ಕೂಲಿ ಹೋಯ್ತು. ಅಡಿಕೆ ಸುಲಿತದ ಟೈಮಲ್ಲಿ ಅಮ್ಮ ಒಂದು ದಿನ ಬಿಟ್ರೆ ಎಷ್ಟು ಹೋಗುತ್ತೆ ಅಂತ ನಮ್ಮ ಕಡೆಯವರಿಗೆ ಗೊತ್ತು.

ಆಟೋ ದುಡ್ಡಿಲ್ಲ ಅಂತ ಅಪ್ಪ ಒಂದೊಂದು ವಾರ ತಪ್ಪಿಸ್ತಿದ್ರು, ನಮಗೆ ಹೇಳ್ತಿರ್ಲಿಲ್ಲ. ಕಾಲು ಮುಖ ಊದಿ ಉಸಿರು ಕಟ್ಟಿದಾಗಲೇ ಗೊತ್ತಾಗ್ತಿದ್ದಿದ್ದು.

ನೀವು ಎಷ್ಟು ತುಳೀತೀರಿ ಅನ್ನೋದು ನನಗೆ ಮುಖ್ಯ ಅಲ್ಲ. ಓಡಾಟದ ಖರ್ಚು ಅಂತ ಒಂದು ಇದೆ ಅನ್ನೋದು ಹೊರಗಿನವರಿಗೆ ಗೊತ್ತೇ ಇಲ್ಲ, ಫ್ರೀ ಇದ್ಯಲ್ಲ ಅಂತಾರೆ. ಆ ಸುಲಭದ ದಿನ ನಮ್ಮಂಥವರ ಮನೆ ಅಂಗಳದಲ್ಲಿ ಒಂದು ಗಂಟೆ ಕೂತು ಕೇಳಿದ್ರೆ, ವಾಪಸ್ ಹೋಗಿ ಹತ್ತು ಜನಕ್ಕೆ ಸರಿಯಾಗಿ ಹೇಳ್ತೀರಿ. ಅಷ್ಟು ಸಾಕು.

ತುಂಗಾದಂಡೆ:
ತಂಗಿ, ಬರೆದಿದ್ದು ತುಂಬಾ ಒಳ್ಳೇದಾಯ್ತು. ಆ ದಿನ ಯಾಕೆ ಬೇಕು ಅಂತ ನನಗೆ ಅನ್ನಿಸ್ತಿತ್ತು ಆದ್ರೆ ಇಷ್ಟು ಸ್ಪಷ್ಟವಾಗಿ ಹೇಳೋಕೆ ಬರ್ತಿರ್ಲಿಲ್ಲ.

ಬೆಂಗಳೂರ್_ರೈಡರ್:
ಹಾಗಾದ್ರೆ ಸೂಪರ್, ಆ ದಿನ ಬೆಳಿಗ್ಗೆ ಎಲ್ರೂ ಜೆರ್ಸಿ ಹಾಕ್ಕೊಂಡು ಡಯಾಲಿಸಿಸ್ ವಾರ್ಡಿಗೇ ಹೋಗೋಣ, ರೋಗಿಗಳಿಗೆ ಹಣ್ಣು ಎಳನೀರು ಹಂಚೋಣ, ಫೋಟೋ ತೆಗೆಯೋಣ. ದಾನಿಗಳಿಗೆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ಕಣ್ಣಿಗೆ ಕಾಣುತ್ತೆ.

ನರ್ಸಕ್ಕ_ತೀರ್ಥಳ್ಳಿ:
ದಯವಿಟ್ಟು ಬೇಡ. ಜೋರಾಗಿ ಹೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಡಯಾಲಿಸಿಸ್ ರೂಮಲ್ಲಿ ರಕ್ತ ಮೈಯಿಂದ ಹೊರಗೆ ಹೋಗಿ ಮಿಷನ್ನಲ್ಲಿ ಶುದ್ಧಿಯಾಗಿ ವಾಪಸ್ ಬರ್ತಿರುತ್ತೆ, ಸೋಂಕು ತಗುಲೋ ಅಪಾಯ ಇರೋ ಜಾಗ. ಬೆವರಿದ ಮೈಯಲ್ಲಿ ಗುಂಪಾಗಿ ಒಳಗೆ ಬರೋದು ಸರಿಯಲ್ಲ. ಮಲಗಿರೋರ ಫೋಟೋ ಅಂತೂ ಬೇಡವೇ ಬೇಡ, ಅವರೂ ಊರಲ್ಲಿ ಮರ್ಯಾದೆಯಿಂದ ಬದುಕ್ತಿರೋರು.

ಇನ್ನೊಂದು ಮುಖ್ಯ ವಿಷ್ಯ. ಎಳನೀರು, ಬಾಳೆಹಣ್ಣು, ಕಿತ್ತಳೆ ಅವರಿಗೆ ಕೊಡ್ಲೇಬಾರ್ದು. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಕೆಲಸ ಮಾಡದೇ ಇದ್ದಾಗ ಅದು ಹೊರಗೆ ಹೋಗಲ್ಲ, ರಕ್ತದಲ್ಲಿ ಏರಿದ್ರೆ ಹೃದಯದ ಬಡಿತಕ್ಕೇ ತೊಂದ್ರೆ. ನೀರು ಕೂಡ ಅಳತೆ ಮಾಡಿ ಕುಡೀತಾರೆ. ಮನೆಗೆ ಹೋದಾಗ ಅವರ ಎದುರಿಗೇ ಕೂತು ಚೊಂಬುಗಟ್ಲೆ ನೀರು ಮಜ್ಜಿಗೆ ಕುಡೀಬೇಡಿ, ಬಾಯಾರಿಕೆ ತಡ್ಕೊಂಡು ಕೂತಿರ್ತಾರೆ ಪಾಪ.

ಬೆಂಗಳೂರ್_ರೈಡರ್:
ಎಳನೀರಿಂದ ಹಿಂಗಾಗುತ್ತೆ ಅಂತ ಗೊತ್ತೇ ಇರ್ಲಿಲ್ಲ ಸಿಸ್ಟರ್, ತಿಳಿಸಿದ್ದಕ್ಕೆ ಥ್ಯಾಂಕ್ಸ್. ವಾರ್ಡ್ ಬೇಡ, ಸರಿ. ಮನೆಗೆ ಹೋದ್ರೆ ಏನು ತಗೊಂಡು ಹೋಗ್ಬಹುದು?

ನರ್ಸಕ್ಕ_ತೀರ್ಥಳ್ಳಿ:
ಬರಿಗೈಲಿ ಹೋಗಿ ಪರವಾಗಿಲ್ಲ. ಕೊಡ್ಲೇಬೇಕು ಅಂದ್ರೆ ಮನೆಯವರಿಗೆ ಅಕ್ಕಿನೋ ಮಕ್ಕಳಿಗೆ ಪುಸ್ತಕನೋ ಕೊಡಿ. ತಿನ್ನೋದು ಒಬ್ಬೊಬ್ಬರಿಗೆ ಒಂದೊಂದು ಪಥ್ಯ ಇರುತ್ತೆ.

ಮಂಡಗದ್ದೆ_ಮೇಷ್ಟ್ರು:
ನಾನು ರಿಟೈರ್ ಆದ ಮೇಷ್ಟ್ರು, ನಮ್ಮ ಕಾಲದಲ್ಲಿ ಸೈಕಲ್ ಅಂದ್ರೆ ಗೇರಿಲ್ಲದ ಕಬ್ಬಿಣದ್ದು, ಡೈನಮೋ ಲೈಟು, ಹಿಂದೆ ಕ್ಯಾರಿಯರ್. ಶಾಲೆಗೆ ದಿನಾ ಅದರಲ್ಲೇ, ಏರು ಬಂದ್ರೆ ಇಳಿದು ತಳ್ಳೋದು, ಅದರಲ್ಲಿ ನಾಚಿಕೆ ಏನೂ ಇರ್ಲಿಲ್ಲ. ತಳ್ಳುವಾಗಲೇ ದಾರಿಯವರ ಪರಿಚಯ ಆಗ್ತಿದ್ದಿದ್ದು, ಯಾರ ಮನೆ ಮಗು ಯಾಕೆ ಶಾಲೆಗೆ ಬರ್ತಿಲ್ಲ ಅಂತ ಗೊತ್ತಾಗ್ತಿದ್ದಿದ್ದು. ಸ್ಪೀಡಲ್ಲಿ ಹೋದ್ರೆ ಊರು ಬರೀ ಬೋರ್ಡು. ಗೇರ್‌ಗಿರಾಕಿ ಅವರೇ, ನಿಮ್ಮ ಶಕ್ತಿ ದೊಡ್ಡದು, ಅದರ ಬಗ್ಗೆ ಮಾತಿಲ್ಲ. ಆದ್ರೆ ಒಂದು ದಿನ ನಿಧಾನಕ್ಕೆ ಹೋಗಿ ನೋಡಿ. ಡಿಸೆಂಬರಲ್ಲಿ ನಮ್ಮ ಕಡೆ ಭತ್ತದ ಕೊಯ್ಲು, ಅಡಿಕೆ ಕೊಯ್ಲು ಎರಡೂ ನಡೀತಿರುತ್ತೆ. ಮನೆ ಮನೆ ಮುಂದೆ ಮೆಟ್ಟುಗತ್ತಿ ಇಟ್ಕೊಂಡು ಸಾಲಾಗಿ ಕೂತು ಸುಲೀತಿರ್ತಾರೆ, ಹಂಡೇಲಿ ಅಡಿಕೆ ಬೇಯ್ತಿರುತ್ತೆ, ಚೊಗರಿನ ವಾಸನೆ ರಸ್ತೆ ತನಕ. ಅಂಥ ಕಡೆ ನಿಂತು ಮಾತಾಡಿಸಿದ್ರೆ ಕಾಫಿ ಕೊಡದೇ ಕಳಿಸಲ್ಲ.

ಕೊಪ್ಪದವ:
ಈ ಸಲ ಎಲೆಚುಕ್ಕಿ ರೋಗದಲ್ಲಿ ಮರದಲ್ಲಿ ಅಡಿಕೆ ಗೊನೆನೇ ಇಲ್ಲ ಮೇಷ್ಟ್ರೇ, ಎಷ್ಟು ಮನೇಲಿ ಸುಲಿಯೋಕೆ ಅಡಿಕೆ ಇದೆ ಹೇಳಿ. ನಮ್ಮ ತೋಟದಲ್ಲಿ ಸೋಗೆ ಎಲ್ಲ ಸುಟ್ಟ ಹಾಗೆ ಆಗಿದೆ.

ಮಂಡಗದ್ದೆ_ಮೇಷ್ಟ್ರು:
ಹೌದು, ಅದೂ ನಿಜ. ಮಳೆಗಾಲದಲ್ಲಿ ಕೊಳೆರೋಗ, ಅದು ಮುಗೀತು ಅಂದ್ರೆ ಎಲೆಚುಕ್ಕಿ. ಅದಕ್ಕೇ ಅಲ್ವಾ ಮನೇಲಿ ಒಬ್ರಿಗೆ ಕಾಯಿಲೆ ಬಂದ್ರೂ ಆಟೋ ದುಡ್ಡಿಗೆ ಯೋಚನೆ ಮಾಡೋ ಹಾಗಾಗಿರೋದು.

ಕೊಪ್ಪದವ:
ಅದು ಬಿಡಿ. ಯಾತ್ರೆಯವರು ಕೊಪ್ಪ ದಾಟೋ ದಿನ ನಮ್ಮ ಮನೇಲಿ ಊಟ, ನಾನು ಹೇಳಿಯಾಗಿದೆ. ಕಡುಬು, ಕಳಲೆ ಪಲ್ಯ ಸಿಗಲ್ಲ ಈಗ, ಆದ್ರೆ ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ ಗ್ಯಾರಂಟಿ.

ಸಾಗರದ್_ಹುಡುಗ:
ಅಪ್ಪೆಮಿಡಿ ನಮ್ಮ ಸಾಗರದ ಕಡೇದು, ಕೊಪ್ಪದವರು ಎಲ್ಲಿಂದ ತಂದ್ರಿ 😄 ಕಡುಬು ಯಾವ ಕಾಲದಲ್ಲೂ ಮಾಡ್ಬಹುದು, ಕಳಲೆಗೆ ಮಾತ್ರ ಮಳೆ ಬೇಕು.

ಕೊಪ್ಪದವ:
ನಮ್ಮ ಅತ್ತೆ ಊರು ಸಾಗರ ಮಾರಾಯ, ಭರಣಿ ಅಲ್ಲಿಂದಲೇ ಬರೋದು.

ಚೈನ್_ಆಯಿಲ್:
ವಿಷ್ಯಕ್ಕೆ ಬನ್ನಿ. ಸುಲಭದ ದಿನ ಅಂದ್ರೆ ಕಾಲಿಗೆ ಮಾತ್ರ ಅಲ್ಲ, ಸೈಕಲ್ಲಿಗೂ. ಅಷ್ಟು ದಿನ ಧೂಳು, ಎಲ್ಲಾದ್ರೂ ಮಳೆ ಬಿದ್ರೆ ಕೆಸರು, ಚೈನ್ ಕಿರಿಕಿರಿ ಅನ್ನೋಕೆ ಶುರು ಆಗಿರುತ್ತೆ. ಆ ದಿನ ಮಧ್ಯಾಹ್ನ ಕೂತು ಚೈನ್ ಒರೆಸಿ, ಒಣಗಿದ ಮೇಲೆ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಹಾಕಿ, ಹೆಚ್ಚಿನ ಎಣ್ಣೆ ಒರೆಸಿಬಿಡಿ, ಇಲ್ಲಾಂದ್ರೆ ಧೂಳು ಅಂಟುತ್ತೆ. ಅಡುಗೆ ಎಣ್ಣೆ ಬೇಡ, ಅಂಟಂಟಾಗುತ್ತೆ. ಬ್ರೇಕ್ ಪ್ಯಾಡ್ ನೋಡಿ, ಅದರ ಮೇಲಿನ ಗೀರು ಸವೆದು ಹೋಗಿದ್ರೆ ಬದಲಾಯಿಸಿ. ಟೈರಲ್ಲಿ ಗಾಜಿನ ಚೂರು, ಮುಳ್ಳು ಸಿಕ್ಕಿದ್ಯಾ ಬೆರಳಾಡಿಸಿ ನೋಡಿ, ಅರ್ಧ ಪಂಕ್ಚರ್ ಹಿಂದಿನ ದಿನದ ಮುಳ್ಳಿಂದಲೇ ಆಗೋದು. ಸ್ಪೋಕ್ ಒಂದೊಂದಾಗಿ ಹಿಂಡಿ ನೋಡಿ, ಸಡಿಲ ಇದ್ರೆ ಗೊತ್ತಾಗುತ್ತೆ.

ಘಾಟಿ ಇಳಿಯೋರು ಚಕ್ರದ ಅಂಚು ಹಿಡಿಯೋ ರಿಮ್ ಬ್ರೇಕ್ ಇದ್ರೆ ಒಂದೇ ಸಮ ಹಿಡ್ಕೊಂಡೇ ಇಳೀಬಾರ್ದು, ರಿಮ್ ಕಾದು ಟ್ಯೂಬ್ ಸಿಡಿಯೋದೂ ಉಂಟು. ತಿರುವಿಗೆ ಮುಂಚೆ ಜೋರಾಗಿ ಹಿಡಿದು ಬಿಡೋದು, ಮತ್ತೆ ಹಿಡಿಯೋದು.

ಬ್ರೆವೆ_ಬಸಣ್ಣ:
ಚಡ್ಡಿ ವಿಷ್ಯನೂ ಹೇಳ್ಬಿಡಿ, ನಾಚ್ಕೊಂಡು ಯಾರೂ ಕೇಳಲ್ಲ. ಪ್ಯಾಡ್ ಇರೋ ಸೈಕಲ್ ಚಡ್ಡಿ ಒಳಗೆ ಇನ್ನೊಂದು ಒಳಚಡ್ಡಿ ಹಾಕ್ಬಾರ್ದು, ಹೊಲಿಗೆ ಉಜ್ಜಿ ಹುಣ್ಣಾಗುತ್ತೆ. ದಿನಾ ಒಗೀಬೇಕು. ಡಿಸೆಂಬರ್ ಇಬ್ಬನಿಯಲ್ಲಿ ರಾತ್ರಿ ಒಗೆದಿದ್ದು ಬೆಳಿಗ್ಗೆಗೆ ಒಣಗಲ್ಲ, ಸುಲಭದ ದಿನ ಬಿಸಿಲಲ್ಲಿ ಒಣಗಿಸ್ಕೊಳ್ಳೋಕೆ ಟೈಮ್ ಸಿಗುತ್ತೆ. ಒದ್ದೆ ಚಡ್ಡೀಲಿ 100 ಕಿ.ಮೀ. ಹೋದವರ ಪಾಡು ನೋಡೋಕಾಗಲ್ಲ.

ತುಂಗಾದಂಡೆ:
ಇದು ಹೆಣ್ಮಕ್ಕಳಿಗೆ ಇನ್ನೂ ಮುಖ್ಯ, ನಮ್ಮ ಗುಂಪಲ್ಲಿ ಅರ್ಧ ಹೆಂಗಸರೇ. ಬಸಣ್ಣ ಸರಿಯಾಗಿ ಹೇಳಿದ್ರು.

ಗೇರ್‌ಗಿರಾಕಿ:
ಸರಿ, ಎಲ್ರದ್ದೂ ಕೇಳಿದೆ. ಮೇಗರವಳ್ಳಿ ಅಕ್ಕ ಬರೆದಿದ್ದು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಆದ್ರೆ ನನ್ನ ಪ್ರಶ್ನೆ ಇನ್ನೂ ಅಲ್ಲೇ ಇದೆ, ಕಿಲೋಮೀಟರ್ ಲೆಕ್ಕದ ದುಡ್ಡು? ಆಗುಂಬೆ ಘಾಟಿ ಇಳಿದು ಹತ್ತಿ ತೀರ್ಥಹಳ್ಳಿಗೆ ವಾಪಸ್ ಬಂದ್ರೆ ಕುಪ್ಪಳಿಗಿಂತ ಎರಡು ಪಟ್ಟು ಮೇಲಾಗುತ್ತೆ. ಆ ವ್ಯತ್ಯಾಸದ ದುಡ್ಡಲ್ಲಿ ಎಷ್ಟು ಆಟೋ ಬಾಡಿಗೆ ಕೊಡಬಹುದಿತ್ತು. ಇದು ಮಜಾಕ್ಕೆ ಹೇಳ್ತಿರೋ ಮಾತಲ್ಲ.

ದಾನಿ_ಗಾಂಧಿಬಜಾರ್:
ನಾನು ಕಿಲೋಮೀಟರ್ ಲೆಕ್ಕದಲ್ಲಿ ಕೊಡ್ತೀನಿ ಅಂತ ಬರ್ಕೊಟ್ಟಿರೋನು, ಶಿವಮೊಗ್ಗ ಗಾಂಧಿ ಬಜಾರಲ್ಲಿ ಅಂಗಡಿ. ನೀವು ಘಾಟಿ ಹತ್ತೀರೋ ಬಿಟ್ಟೀರೋ ನನಗೇನೂ ಇಲ್ಲ ಸಾರ್. ಕಿಲೋಮೀಟರ್ ಅಂತ ಇಟ್ಟಿದ್ದು ಕೂಡಿಸೋಕೆ ಸಲೀಸು ಅಂತ. ಆ ದಿನಕ್ಕೂ ಹಿಂದಿನ ದಿನದಷ್ಟೇ ಹಾಕ್ಕೊಳ್ಳಿ. ನಮಗೆ ಬೇಕಾಗಿರೋದು ಎರಡೇ, ನಿಮ್ಮ ಊಟ ವಸತಿ ಈ ದುಡ್ಡಲ್ಲಿ ಆಗ್ಬಾರ್ದು, ಕೊನೇಲಿ ಯಾರ ಊರಿಗೆ ಎಷ್ಟು ಹೋಯ್ತು ಅಂತ ಹೆಸರು ಹಾಕದೇ ಲೆಕ್ಕ ತೋರಿಸ್ಬೇಕು.

ತುಂಗಾದಂಡೆ:
ಊಟ ವಸತಿ ಗಾಡಿ ಡೀಸೆಲ್ ಎಲ್ಲ ಸವಾರರ ಕೈಯಿಂದಲೇ, ಅದಕ್ಕೆ ಬೇರೆ ಖಾತೆ. ದಾನದ ಖಾತೆಯಿಂದ ಒಂದು ಟೀ ಕೂಡ ಕುಡಿಯಲ್ಲ. ನಗದು ಕೊಡೋರಿಗೆ ಒಂದು ಮಾತು, 2000 ರೂಪಾಯಿ ಮೀರಿ ನಗದಲ್ಲಿ ಕೊಟ್ರೆ ತೆರಿಗೆ ವಿನಾಯಿತಿ ಸಿಗಲ್ಲ, ದಯವಿಟ್ಟು ಯುಪಿಐ ಇಲ್ಲಾ ಚೆಕ್ ಮಾಡಿ.

ಬೇರೆ ದಾನಿಗಳನ್ನೂ ಫೋನ್ ಮಾಡಿ ಕೇಳ್ತೀನಿ. ಗಾಂಧಿ ಬಜಾರ್ ಅಣ್ಣ ಹೇಳಿದ ಹಾಗೆ ಒಪ್ಪಿದ್ರೆ ಲೆಕ್ಕದ ಗೊಂದಲ ಮುಗೀತು.

ಸೊರಬದ_ಸಿದ್ದ:
ಒಂದು ಎಚ್ಚರಿಕೆ. ಸುಲಭದ ದಿನ ಅಂತ ಕಾಡೊಳಗೆ ಹೋಗಿ ತರಗೆಲೆ ಮೇಲೆ ಮಲಗಬೇಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಉಣುಗು, ಅಂದ್ರೆ ಉಣ್ಣೆ ಹುಳ ಕಚ್ಚಿದ್ರೆ ಬರೋದು, ಚಳಿಗಾಲದಿಂದ ಬೇಸಿಗೆ ತನಕ ಅದರ ಸೀಸನ್. ಮಂಗ ಸತ್ತಿರೋ ಜಾಗ ಅಂತ ಊರವರು ಹೇಳಿದ್ರೆ ಆ ಕಡೆ ಹೋಗ್ಲೇಬೇಡಿ. ರೂಮಿಗೆ ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಲ್ಲಿ ಒಗೀರಿ, ಕಂಕುಳು ಮೊಣಕಾಲ ಸಂದು ನೋಡ್ಕೊಳ್ಳಿ. ಜ್ವರ ಬಂದ್ರೆ ಡಾಕ್ಟ್ರಿಗೆ ಕಾಡಿನ ಕಡೆ ಹೋಗಿದ್ವಿ ಅಂತ ಹೇಳಿ.

ಬೆಂಗಳೂರ್_ರೈಡರ್:
ಉಂಬಳದ್ದೇ (ಜಿಗಣೆ) ಭಯ ಇತ್ತು, ಈಗ ಇದೂ ಒಂದಾ.

ಹೊಸನಗರದ_ಹೆಣ್ಮಗಳು:
ಉಂಬಳ ಡಿಸೆಂಬರಲ್ಲಿ ಒಣ ಜಾಗದಲ್ಲಿ ಇರಲ್ಲ, ಹಳ್ಳದ ಬದಿ ತಂಪಿರೋ ಕಡೆ ಮಾತ್ರ. ಕಚ್ಚಿದ್ರೂ ರೋಗ ಏನೂ ಬರಲ್ಲ, ರಕ್ತ ಸ್ವಲ್ಪ ಹೊತ್ತು ನಿಲ್ಲಲ್ಲ ಅಷ್ಟೇ. ಎಳೆದು ಕೀಳಬೇಡಿ, ಉಗುರಲ್ಲಿ ಮೆಲ್ಲಗೆ ಬಾಯಿ ಬಿಡಿಸಿ.

ಮೇಗರವಳ್ಳಿ_ಮಗಳು:
ಕುಪ್ಪಳಿಗೆ ಹೋಗೋರು ಒಂದು ನೆನಪಿಟ್ಕೊಳ್ಳಿ, ಕವಿಶೈಲಕ್ಕೆ ಹತ್ತುವಾಗ ಸೈಕಲ್ ಶೂ ಹಾಕ್ಕೊಂಡು ಹೋಗ್ಬೇಡಿ, ಅಡಿಯಲ್ಲಿ ಪೆಡಲಿಗೆ ಸಿಕ್ಕಿಸೋ ಕ್ಲೀಟ್ ಇರುತ್ತಲ್ಲ, ಬಂಡೆ ಮೇಲೆ ಜಾರುತ್ತೆ. ಒಂದು ಜೊತೆ ಹವಾಯಿ ಚಪ್ಪಲಿ ಇಟ್ಕೊಳ್ಳಿ. ಬೆಳಿಗ್ಗೆ ಬೇಗ ಹೋದ್ರೆ ಅಲ್ಲಿಂದ ಕಣಿವೆ ತುಂಬಾ ಮಂಜು ಕಾಣುತ್ತೆ. ಜೋರಾಗಿ ಹಾಡು ಹಾಕಬೇಡಿ ಅಲ್ಲಿ, ಕವಿ ಸಮಾಧಿ ಇರೋ ಜಾಗ.

ಮಧ್ಯಾಹ್ನ ಟೈಮ್ ಮಿಕ್ಕಿದ್ರೆ ಚಿಬ್ಬಲಗುಡ್ಡೆಗೂ ಹೋಗಿ, ತುಂಗೆಯಲ್ಲಿ ದೇವಸ್ಥಾನದ ಮೀನು. ಅಲ್ಲಿ ಯಾರೂ ಹಿಡಿಯಲ್ಲ, ಮಂಡಕ್ಕಿ ಹಾಕಿದ್ರೆ ಕೈ ಹತ್ರ ಬರ್ತವೆ. ನೀರಿಗೆ ಮಾತ್ರ ಇಳೀಬೇಡಿ, ಆಳ ಇದೆ.

ಫಿಸಿಯೋ_ಶಿಮೊಗ್ಗ:
ಕುಪ್ಪಳಿ ಜೊತೆ ಚಿಬ್ಬಲಗುಡ್ಡೆ ಸೇರಿಸಿದ್ರೆ ಮತ್ತೆ 50 ದಾಟುತ್ತೆ ನೋಡಿ. ಎರಡರಲ್ಲಿ ಒಂದು ಮಾಡಿ. ಸುಲಭದ ದಿನ ಕೆಡೋದು ಹಿಂಗೇ, ಇದೊಂದು ಅದೊಂದು ಅಂತ ಸೇರಿಸ್ತಾ ಸೇರಿಸ್ತಾ.

ಮೇಗರವಳ್ಳಿ_ಮಗಳು:
ಹೌದು ಮೇಡಂ, ಕುಪ್ಪಳಿ ಸಾಕು.

ನರ್ಸಕ್ಕ_ತೀರ್ಥಳ್ಳಿ:
ತುಂಗಾದಂಡೆಯವರೇ, ತಾರೀಖು ಎಳ್ಳಮಾವಾಸ್ಯೆ ಜಾತ್ರೆ ಜೊತೆ ಬೀಳುತ್ತಾ ನೋಡ್ಕೊಂಡ್ರಾ? ಜಾತ್ರೆ ದಿನಗಳಲ್ಲಿ ತೀರ್ಥಹಳ್ಳೀಲಿ ರೂಮ್ ಸಿಗಲ್ಲ, ಹೊಳೆ ಹತ್ರ ಸೈಕಲ್ ತಳ್ಕೊಂಡು ಹೋಗೋಕೂ ಜಾಗ ಇರಲ್ಲ.

ತುಂಗಾದಂಡೆ:
ನೋಡಿದೀವಿ ಅಕ್ಕಾ, ಜಾತ್ರೆಗೆ ಮುಂಚೆನೇ ಮುಗಿಯುತ್ತೆ. ರೂಮ್ ಬೇಡ ಅಂತ ಒಂದು ಕಲ್ಯಾಣ ಮಂಟಪದ ಹಾಲ್ ಮಾತಾಡಿದೀವಿ, ಹೆಂಗಸರಿಗೆ ಬೇರೆ ಕೋಣೆ.

ಮಂಡಗದ್ದೆ_ಮೇಷ್ಟ್ರು:
ಕೊನೇ ದಿನದ ಬಗ್ಗೆ. ಸಕ್ರೆಬೈಲಲ್ಲಿ ಆನೆ ಸ್ನಾನ ನೋಡ್ಬೇಕು ಅಂದ್ರೆ ಬೆಳಿಗ್ಗೆ ಹೊತ್ತಲ್ಲೇ ಇರೋದು, ಬಿಸಿಲೇರಿದ ಮೇಲೆ ಆನೆಗಳನ್ನ ಕಾಡಿಗೆ ಬಿಡ್ತಾರೆ. ತೀರ್ಥಹಳ್ಳಿಯಿಂದ ಕತ್ತಲಿರುವಾಗಲೇ ಹೊರಟ್ರೆ ಮಾತ್ರ ಸಿಗುತ್ತೆ, ಹಾಗೆ ಹೊರಡೋದಾದ್ರೆ ಲೈಟ್ ಕಡ್ಡಾಯ. ಆ ರಸ್ತೇಲಿ ಇಬ್ಬನಿಗೆ ಎದುರಿನ ಲಾರಿ ಕಾಣಲ್ಲ. ನನ್ನ ಮಾತು ಕೇಳೋದಾದ್ರೆ ಆನೆ ಬಿಡಿ, ಬೆಳಕು ಹರಿದ ಮೇಲೆ ಹೊರಡಿ. ಮಂಡಗದ್ದೆ ಬಸ್ ಸ್ಟ್ಯಾಂಡಲ್ಲಿ ನಾನು ಕಾಯ್ತಿರ್ತೀನಿ, ನಮ್ಮ ಪಕ್ಷಿಧಾಮದ ಹಕ್ಕಿಗಳು ಮಳೆಗಾಲದಲ್ಲಿ ಬಂದು ಹೋಗಿರ್ತವೆ, ಆದ್ರೆ ಟೀ ಇರುತ್ತೆ.

ಗೇರ್‌ಗಿರಾಕಿ:
ದಾನಿಗಳು ಒಪ್ಪಿದ್ರೆ ನನ್ನದೇನೂ ತಕರಾರಿಲ್ಲ. ಒಂದು ಕೇಳ್ತೀನಿ ಅಕ್ಕಾ, ಆ ದಿನ ಬೆಳಿಗ್ಗೆ ಐದಕ್ಕೆ ನಾನು ಇನ್ನೊಬ್ರು ಆಗುಂಬೆ ತನಕ ಹೋಗಿ ಬಂದ್ಬಿಡ್ಲಾ, ನೀವು ಕುಪ್ಪಳಿಗೆ ಹೊರಡೋದ್ರೊಳಗೆ?

ತುಂಗಾದಂಡೆ:
ಬೇಡ ತಮ್ಮಾ. ಸಪೋರ್ಟ್ ಗಾಡಿ ಇರೋದು ಒಂದೇ, ನಿನಗೆ ಆ ಕಡೆ ಏನಾದ್ರೂ ಆದ್ರೆ ಇಡೀ ಗುಂಪು ನಿಲ್ಬೇಕು. ಮಾರನೇ ದಿನ ಹೇಗೂ ಆಗುಂಬೆ ಮೇಲೇ ಹೋಗೋದು. ನಿನ್ನಂಥ ಗಟ್ಟಿ ಕಾಲಿನವರು ಆ ದಿನ ಹಿಂದೆ ಇರೋರ ಜೊತೆ ಬರ್ಬೇಕು, ಕೊನೇಲಿ ಬರೋರ ಪಕ್ಕದಲ್ಲಿ ಯಾರಾದ್ರೂ ಇದ್ರೆ ಅವರಿಗೆ ಧೈರ್ಯ. ಆಗುತ್ತಾ?

ಗೇರ್‌ಗಿರಾಕಿ:
ಆಗುತ್ತೆ. ಕೊನೆಯವರ ಜೊತೆ ನಾನೇ ಬರ್ತೀನಿ, ಪಂಪು ಪ್ಯಾಚು ನನ್ನ ಹತ್ರ ಇರುತ್ತೆ.

ತುಂಗಾದಂಡೆ:
ಎಲ್ಲರಿಗೂ ಧನ್ಯವಾದ. ದಾನಿಗಳಲ್ಲಿ ಫೋನ್ ಸಿಕ್ಕಿದವರೆಲ್ಲ ಒಪ್ಪಿದಾರೆ, ಹಾಗಾಗಿ ಸುಲಭದ ದಿನ ಇರುತ್ತೆ. ಬೆಳಿಗ್ಗೆ ತಿಂಡಿ ಮುಗಿಸಿ ಕುಪ್ಪಳಿ, ಹನ್ನೊಂದರೊಳಗೆ ಅಲ್ಲಿಂದ ಹೊರಟು ಊಟಕ್ಕೆ ತೀರ್ಥಹಳ್ಳಿ, ಆಮೇಲೆ ಸೈಕಲ್ ಕೆಲಸ, ಬಟ್ಟೆ, ನಿದ್ದೆ. ಸಂಜೆ ನಾಲ್ಕಕ್ಕೆ, ನರ್ಸಕ್ಕ ಮಾತಾಡಿಸಿ ಒಪ್ಪಿದ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗೋದು, ಗುಂಪಾಗಿ ಅಲ್ಲ, ಗಾಡೀಲಿ ಬಿಡ್ತೀವಿ. ಡಯಾಲಿಸಿಸ್ ಇಲ್ಲದ ದಿನ ಯಾರದ್ದು ಅಂತ ನೋಡಿ ಅವರ ಮನೆಗೆ ಮಾತ್ರ. ಫೋಟೋ ಇಲ್ಲ, ಹಣ್ಣು ಇಲ್ಲ, ಅವರು ಹೇಳಿದ್ದು ಕೇಳೋದು, ಓಡಾಟಕ್ಕೆ ತಿಂಗಳಿಗೆ ಎಷ್ಟಾಗುತ್ತೆ ಅಂತ ಅವರೇ ಹೇಳಿದ್ರೆ ಬರ್ಕೊಳ್ಳೋದು.

ನರ್ಸಕ್ಕ_ತೀರ್ಥಳ್ಳಿ:
ಮನೆಯವರ ಹತ್ರ ನಾನು ಮಾತಾಡ್ತೀನಿ. ಬೇಡ ಅಂದೋರ ಹೆಸರು ನಿಮಗೆ ಹೇಳಲ್ಲ, ಸರಿನಾ.

ತುಂಗಾದಂಡೆ:
ಹೇಳಲೇಬೇಡಿ ಅಕ್ಕಾ.

ಬೆಂಗಳೂರ್_ರೈಡರ್:
ಹವಾಯಿ ಚಪ್ಪಲಿ, ಎಕ್ಸ್‌ಟ್ರಾ ಚಡ್ಡಿ, ಲೈಟು ಬರ್ಕೊಂಡೆ. ಓಆರ್‌ಎಸ್ ಎಷ್ಟು ಪ್ಯಾಕೆಟ್ ತರ್ಬೇಕು?

ಫಿಸಿಯೋ_ಶಿಮೊಗ್ಗ:
ದಿನಕ್ಕೆ ಎರಡರ ಲೆಕ್ಕ ಇಟ್ಕೊಳ್ಳಿ. ಒಂದು ಲೀಟರ್ ನೀರಿಗೆ ಕರಗಿಸೋ ಪೌಡರ್ ಪ್ಯಾಕೆಟ್ಟೇ ತಗೊಳ್ಳಿ, ಡಬ್ಬೀಲಿ ಬರೋ ಸಿಹಿ ಜ್ಯೂಸ್ ಅಲ್ಲ. ಬಿಪಿ ಇರೋರು ತಮ್ಮ ಡಾಕ್ಟ್ರನ್ನ ಕೇಳಿ.

ಚೈನ್_ಆಯಿಲ್:
ಟ್ಯೂಬ್ ತರೋರು ನಿಮ್ಮ ಟೈರಿನ ಸೈಜ್, ವಾಲ್ವ್ ಸಣ್ಣದಾ ದಪ್ಪದಾ ಎರಡೂ ಇಲ್ಲಿ ಕೆಳಗೆ ಹಾಕಿ. ಸಣ್ಣ ವಾಲ್ವ್ ಟ್ಯೂಬ್ ತೀರ್ಥಹಳ್ಳಿ ಅಂಗಡೀಲಿ ಸಿಗುತ್ತೆ ಅಂತ ನಂಬ್ಕೊಂಡು ಬರ್ಬೇಡಿ, ಶಿವಮೊಗ್ಗದಲ್ಲೇ ತಗೊಳ್ಳಿ.

ಗೇರ್‌ಗಿರಾಕಿ:
700-28, ಸಣ್ಣ ವಾಲ್ವ್. ನಾಲ್ಕು ಟ್ಯೂಬ್ ತರ್ತೀನಿ, ಬೇಕಾದವರು ಹೇಳಿ.